ಫೋಟೋಗೆ ಮೂರು ಜನ ನಿಲ್ಲಬಾರದು

ದೊಡ್ಡಮ್ಮಾ,

ನಿನ್ನ ಫೋಟೋ ಸಿಕ್ಕಿತು ಕಣಮ್ಮ. ಗೌನಿಪಲ್ಲಿಯಲ್ಲಿ ಒಬ್ಬರಾದರೂ ನನ್ನ ಮಾತು ನಂಬಿದರಾ ಅಂತ ಮೂತಿ ತಿರುವುತ್ತಿದ್ದೆಯಲ್ಲ, ಅದೇ ಫೋಟೋ. ದೆಹಲಿಯಲ್ಲಿದೆ. ದೇಶದ ಹಳೆಯ ಕಾಗದಪತ್ರಗಳನ್ನು, ಹಳೆಯ ಫೋಟೋಗಳನ್ನು ಜೋಪಾನವಾಗಿ ಇಟ್ಟಿರುವ ಪತ್ರಾಗಾರ ಅಂತ ಒಂದಿದೆ. ಅಲ್ಲಿ ತಣ್ಣನೆಯ ಕೋಣೆಯೊಂದರಲ್ಲಿ ಅಜ್ಜಿ, ನೀನು, ಅಮ್ಮ ಎಲ್ಲರೂ ಇಷ್ಟು ವರ್ಷ ನೆಮ್ಮದಿಯಾಗಿ ನಿಂತಿದ್ದೀರಿ. ಇನ್ನೆರಡು ವರ್ಷ ತಡೆದುಕೊಂಡಿದ್ದರೆ ನಿನ್ನ ಕೈಗೇ ಕೊಡುತ್ತಿದ್ದೆ. ಏನು ಅಷ್ಟು ಅವಸರವಿತ್ತು ನಿನಗೆ? ಹೋದವರ ಮೇಲೆ ಕೋಪ ಮಾಡಿಕೊಳ್ಳಬಾರದು ಅಂತ ನೀನೇ ಹೇಳಿಕೊಟ್ಟವಳು. ಆದರೆ ದೊಡ್ಡಪ್ಪ ತೀರಿಕೊಂಡ ಮೇಲೂ ದಿನಾ ಬೆಳಿಗ್ಗೆ ಅವರನ್ನು ಬೈದುಕೊಂಡೇ ಕಾಫಿ ಕುಡಿಯುತ್ತಿದ್ದೆ. ಹಾಗಾಗಿ ನಾನೂ ಬೈಯುತ್ತೇನೆ, ಕೇಳಿಸಿಕೊ. ಬೈದು ಮುಗಿದ ಮೇಲೆ ನಿನಗೊಂದು ವಿಷಯ ಹೇಳಬೇಕು. ಅದನ್ನು ಹೇಳುವವರೆಗೆ ನನಗೆ ಅನ್ನ ಸೇರುವುದಿಲ್ಲ.

ಚಿಕ್ಕವಳಿದ್ದಾಗ ಒಂದು ಪಿತೃಪಕ್ಷದಲ್ಲಿ ನಿನ್ನನ್ನು ಕೇಳಿದ್ದು ನೆನಪಿದೆ. ಪಕ್ಕದ ಮನೆಯವರು ತಮ್ಮ ಹಿರಿಯರ ಫೋಟೋಗಳನ್ನೆಲ್ಲ ಒರೆಸಿ, ಕುಂಕುಮವಿಟ್ಟು, ಮುಂದೆ ಎಡೆ ಹಾಕಿದ್ದರು. ನಮ್ಮ ಮನೆಯಲ್ಲಿ ಕಲಶದ ಪಕ್ಕ ಅಮ್ಮನ ಹೆಸರಿಗೆ ಒಂದು ಸೀರೆ ಮಡಿಸಿ ಇಟ್ಟಿದ್ದೆ, ಅಷ್ಟೇ.

"ಅಮ್ಮನ್ ಫೋಟೋ ಎಲ್ಲಿ?" ಅಂದೆ.

ನೀನು ಒಲೆಯಿಂದ ಮುಖ ತಿರುಗಿಸಲೂ ಇಲ್ಲ. "ಇಲ್ಲ ಕಣೇ. ನಮ್ಮಂಥೋರ್ ಮದ್ವೇಲಿ ಯಾರು ಫೋಟೋ ತೆಗೀತಿದ್ರು?"

"ಮತ್ತೆ ಅಮ್ಮ ಹೆಂಗಿದ್ಲು?"

"ಹೆಂಗಿದ್ಲು ಅಂದ್ರೆ... ಚೆನ್ನಾಗಿದ್ಲು. ನಿನ್ ಥರ ಅಲ್ಲ ಬಿಡು. ನಿಂದೆಲ್ಲಾ ನಿಮ್ಮಪ್ಪನ ಮೂತಿ."

ನಾನು ಕೂರುವುದನ್ನು ಕಲಿಯುವ ಮುಂಚೆಯೇ ಅಮ್ಮ ಜ್ವರ ಬಂದು ಹೋದಳು. ಅಪ್ಪ ಮದನಪಲ್ಲಿ ಕಡೆ ಇನ್ನೊಂದು ಮದುವೆ ಮಾಡಿಕೊಂಡು ಆ ಕಡೆಯವನೇ ಆಗಿಬಿಟ್ಟ. ಮಕ್ಕಳಿಲ್ಲದ ನೀನು ನನ್ನನ್ನು ಸೊಂಟಕ್ಕೇರಿಸಿಕೊಂಡೆ. ನನಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ ನೀನು. ಆದರೆ ಅಮ್ಮನ ಮುಖ ಒಂದನ್ನು ಎಲ್ಲಿಂದ ತರುತ್ತಿದ್ದೆ? ಶಾಲೆಯಲ್ಲಿ ಕಣ್ಣು ಮುಚ್ಚಿ ತಾಯಿಯನ್ನು ನೆನೆದುಕೊಳ್ಳಿ ಅಂದರೆ ನನಗೆ ಮಡಿಸಿಟ್ಟ ಹಸಿರು ಸೀರೆಯೇ ಕಾಣುತ್ತಿತ್ತು.

ಆಮೇಲೆ ಒಂದು ದಿನ, ನನ್ನ ಅಳು ತಡೆಯಲಾರದೆ ಇರಬೇಕು, ನೀನು ಆ ಫೋಟೋದ ಕಥೆ ತೆಗೆದೆ. ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದೆ.

"ಮಾವಿನ ಸುಗ್ಗೀಲಿ ಕಣೇ. ಶ್ರೀನಿವಾಸಪುರದ ತೋಟದಲ್ಲಿ ನಾನು, ನಿಮ್ಮಮ್ಮ, ನಿಮ್ಮಜ್ಜಿ ಮೂರೂ ಜನ ಬುಟ್ಟಿಗೆ ಕಾಯಿ ತುಂಬೋಕೆ ಹೋಗ್ತಿದ್ವಿ. ಒಂದಿನ ಜೀಪು ಬಂತು. ಡಿಲ್ಲಿಯೋನು, ತಲೆ ಮೇಲೆ ಟೋಪಿ, ಕುತ್ಗೇಲಿ ಕ್ಯಾಮ್ರಾ. ಅವನ್ ಜೊತೆ ಬಂದಿದ್ದ ತಾಲ್ಲೂಕಾಫೀಸ್ನೋನು, ಮೂರೂ ಜನ ಸಾಲಾಗಿ ನಿಂತ್ಕೊಳ್ರಮ್ಮ ಅಂದ. ನನ್ನೆದೆ ಧಸಕ್ ಅಂತು. ಫೋಟೋಗೆ ಮೂರು ಜನ ನಿಂತ್ರೆ ಅದ್ರಲ್ಲೊಬ್ರು ಉಳಿಯಲ್ಲ. ಇದು ಊರಿಗೇ ಗೊತ್ತಿರೋ ಮಾತು."

"ಆಮೇಲೆ?"

"ಆಮೇಲೇನು, ತಾಯಲೂರು ಕಡೆಯಿಂದ ಬುಟ್ಟಿ ಹೆಣೆಯೋರು ಬಂದು ತೋಟದಲ್ಲೇ ಗುಡಿಸ್ಲು ಹಾಕಿದ್ರು. ಅವ್ರ್ ಹುಡ್ಗಿ ಒಬ್ಳು ಬಿದಿರು ಸೀಳ್ತಾ ಕೂತಿದ್ಲು. ಏಯ್, ಬಾರೇ ಇಲ್ಲಿ ಅಂತ ಅವಳ್ನ ಎಳ್ಕೊಂಡ್ಬಂದು ನಾಲ್ಕು ಮಾಡ್ದೆ. ನನ್ ಮದ್ವೇದು ಕೆಂಪುಕಲ್ಲಿನ ಓಲೆ ಅವತ್ತು ನಿಮ್ಮಮ್ಮನ ಕಿವೀಲಿತ್ತು. ರಾಣಿ ಹಂಗಿದ್ಲು. ಫೋಟೋ ಕಳಿಸ್ತೀನಿ ಅಂದಿದ್ದ ಆ ಟೋಪಿಯೋನು. ಪೋಸ್ಟ್‌ಮ್ಯಾನ್ ಬಂದಾಗೆಲ್ಲಾ ಓಡ್ತಿದ್ದೆ."

ಕುಟ್ಟುವುದನ್ನು ನಿಲ್ಲಿಸಿಬಿಟ್ಟೆ ನೀನು.

"ನಾಲ್ಕು ಮಾಡಿದ್ರೂ ಹೋದ್ಲಲ್ಲೇ ನಿಮ್ಮಮ್ಮ, ನನ್ ರತ್ನ. ಮುಂದಿನ ಸುಗ್ಗಿಗೆ ಇರ್ಲಿಲ್ಲ. ಹೊರಗಿನವಳು ಲೆಕ್ಕಕ್ಕೆ ಸೇರ್ಲಿಲ್ಲ ಅನ್ಸುತ್ತೆ. ಮನೆಯೋರು ಅಂತ ನಾವ್ ಮೂರೇ ಆಗೋದ್ವಿ. ಫೋಟೋನೇ ಬೇಡ ಅನ್ಬೇಕಿತ್ತು ನಾನು."

ಓದಿ ಟೀಚರ್ ಆದ ಮೇಲೆ ಈ ಮಾತಿಗೆ ನಿನ್ನ ಜೊತೆ ಎಷ್ಟು ಜಗಳ ಆಡಿದ್ದೇನೆ! "ಜ್ವರಕ್ಕೂ ಫೋಟೋಗೂ ಏನಮ್ಮ ಸಂಬಂಧ? ನಮ್ ಸ್ಕೂಲಲ್ಲಿ ವರ್ಷಾ ವರ್ಷಾ ಮೂರು ಮೂರು ಹುಡುಗ್ರನ್ನ ನಿಲ್ಸಿ ಫೋಟೋ ತೆಗೀತೀವಿ, ಯಾರ್ ಸತ್ತಿದಾರೆ?" ಅಂತ ಕೂಗಾಡುತ್ತಿದ್ದೆ. ನೀನು ವಾದ ಮಾಡುತ್ತಿರಲಿಲ್ಲ. ಹೂಂ ಅಂತಿದ್ದೆ, ಅಷ್ಟೇ. ಆದರೆ ನನ್ನ ಮದುವೆಯ ದಿನ ಫೋಟೋದವನು ನಮ್ಮಿಬ್ಬರ ಪಕ್ಕ ನಿನ್ನೊಬ್ಬಳನ್ನೇ ನಿಲ್ಲಿಸಿದಾಗ, ಕೆಂಡ ತುಳಿದವಳಂತೆ ಪಕ್ಕಕ್ಕೆ ಹಾರಿದೆಯಲ್ಲ, ಆಗ ಅರ್ಥವಾಯಿತು ನನಗೆ. ಅದು ಬರೀ ನಂಬಿಕೆ ಆಗಿರಲಿಲ್ಲ. ತಂಗಿಯನ್ನು ನಾನೇ ಕೊಂದೆ ಅಂತ ನೀನು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ.

ಕೋಲಾರದ ಆಸ್ಪತ್ರೆಯಲ್ಲಿ, ಕೊನೆಯ ವಾರ, ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ನನ್ನ ಕೈ ತಳ್ಳಿದೆ. "ಲೇ ಮಂಜುಳಾ, ಅಲ್ಲಿ ರತ್ನ ಸಿಕ್ತಾಳಲ್ವಾ? ಯಾಕಕ್ಕಾ ಅವತ್ತು ನಿಲ್ಲಿಸ್ದೆ ಅಂತ ಕೇಳಿದ್ರೆ ಏನ್ ಹೇಳ್ಲಿ?" ಅಂದೆ. ನಾನು ಏನಾದರೂ ಹೇಳಬೇಕಿತ್ತು. ಗಂಜಿ ಆರಿಹೋಗುತ್ತೆ, ಕುಡಿ ಅಂದೆ. ಆ ಪ್ರಶ್ನೆಯನ್ನು ಹಾಗೇ ಕಟ್ಟಿಕೊಂಡು ಹೋದೆ ನೀನು. ಅದು ನೆನಪಾದಾಗಲೆಲ್ಲ...

ಇರಲಿ. ಈ ವರ್ಷ ಮಾಲೂರಿನ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡುತ್ತಾ ಕೂತಿದ್ದೆವು. ನಮ್ಮ ಡ್ರಾಯಿಂಗ್ ಮೇಷ್ಟ್ರು ಮೊಬೈಲ್ ಹಿಡಿದು, "ಮೇಡಂ, ಡೆಲ್ಲಿ ಪತ್ರಾಗಾರದವ್ರು ಹಳೇ ಫೋಟೋಗಳ್ನೆಲ್ಲಾ ಇಂಟರ್ನೆಟ್ಟಲ್ಲಿ ಹಾಕಿದಾರೆ ನೋಡಿ, ನಮ್ ಕೋಲಾರದ್ದೂ ಇದೆ" ಅಂದರು. ಚಿನ್ನದ ಗಣಿಗೆ ತೊಟ್ಟಿಲಂಥ ಲಿಫ್ಟಿನಲ್ಲಿ ಇಳಿಯುತ್ತಿರುವ ಕಾರ್ಮಿಕರು, ಕೆರೆ ಏರಿಗೆ ಮಣ್ಣು ಹೊರುವವರು, ಮುಳಬಾಗಿಲಿನ ಹಳೇ ಬೀದಿ. ಎಡಗೈಯಲ್ಲಿ ಒಂದೊಂದಾಗಿ ಸರಿಸುತ್ತಾ ಹೋದೆ. ಆಮೇಲೆ ನೀನು ಬಂದೆ.

ಹೌದು, ನೀನೇ! ನಿನ್ನನ್ನು ಆ ವಯಸ್ಸಿನಲ್ಲಿ ನಾನು ನೋಡಿರಲಿಲ್ಲ, ಆದರೆ ಆ ನೋಟ ಯಾರದು ಅಂತ ನನಗೆ ಗೊತ್ತಾಗುವುದಿಲ್ಲವೇ? ಲೆಕ್ಕ ತಪ್ಪು ಮಾಡಿದ ಹುಡುಗನನ್ನು ನೋಡುವ ಹಾಗೆ ಕ್ಯಾಮೆರಾವನ್ನು ಗುರಾಯಿಸಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಅಜ್ಜಿ. ನಿನ್ನ ಆ ಕಡೆ ಒಬ್ಬಳು ಹುಡುಗಿ, ಅಜ್ಜಿಯ ಆ ಕಡೆ ಇನ್ನೊಬ್ಬಳು. ಹಿಂದೆ ಬುಟ್ಟಿಗಳ ರಾಶಿ. ಮೊಬೈಲಿನಲ್ಲಿ ಚಿತ್ರ ಇಷ್ಟೇ ಇಷ್ಟು, ಮುಖಗಳ ಮೇಲೆ ಪತ್ರಾಗಾರದ ಮುದ್ರೆ ಬೇರೆ. ಅನ್ನದ ಕೈಯಲ್ಲೇ ಅಳುತ್ತಾ ಕೂತೆ. ಡ್ರಾಯಿಂಗ್ ಮೇಷ್ಟ್ರು ಗಾಬರಿಯಾಗಿ ನೀರು ತಂದುಕೊಟ್ಟರು.

ಬೇಸಿಗೆ ರಜೆಯಲ್ಲಿ ನಮ್ಮ ಟೀಚರ್‌ಗಳ ಪ್ರವಾಸ ದೆಹಲಿಗೆ ಅಂತಾಯಿತು. ಯಾವತ್ತೂ ಪ್ರವಾಸಕ್ಕೆ ಹೋಗದವಳು ಮೊದಲಿಗೆ ಹೆಸರು ಕೊಟ್ಟೆ. ಅವರೆಲ್ಲ ಕೆಂಪುಕೋಟೆ ನೋಡಲು ಹೋದ ದಿನ ನಾನೊಬ್ಬಳೇ ಆಟೋ ಹತ್ತಿ ಪತ್ರಾಗಾರಕ್ಕೆ ಹೋದೆ. ಅಬ್ಬಾ, ಆ ಬಿಸಿಲು! ಬಾಗಿಲಲ್ಲಿದ್ದವನ ಹಿಂದಿ ನನಗೆ ತಿಳಿಯದು, ನನ್ನ ಹಿಂದಿ ಅವನಿಗೆ ತಿಳಿಯದು. ಸಾಕಾಗಿ "ಅಯ್ಯೋ ದೇವುಡಾ" ಅಂತ ನಿನ್ನ ಹಾಗೇ ತಲೆ ಚಚ್ಚಿಕೊಂಡೆ. ಹಿಂದಿನಿಂದ ಯಾರೋ, "ಏ ಊರಮ್ಮಾ ಮೀದಿ?" ಅಂದರು. ಯಾವ ಊರಮ್ಮ ನಿಮ್ಮದು ಅಂತ, ಅಚ್ಚ ತೆಲುಗಿನಲ್ಲಿ! ಫೋಟೋ ವಿಭಾಗದ ಅಧಿಕಾರಿ, ಚಿತ್ತೂರಿನ ಕಡೆಯವರು. ಮನೆಯಲ್ಲಿ ತೆಲುಗು ಬೇಡಮ್ಮ, ಕನ್ನಡ ಮಾತಾಡು ಅಂತ ನಿನ್ನನ್ನು ತಿದ್ದುತ್ತಿದ್ದ ನಾನು, ಅವತ್ತು ನೀನು ಕಲಿಸಿದ ತೆಲುಗಿನಿಂದಲೇ ಒಳಗೆ ಹೋದೆ.

ಆ ಮೇಡಂ ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡು ಕವರಿನಿಂದ ನೆಗೆಟಿವ್ ತೆಗೆದು ದೀಪವಿರುವ ಗಾಜಿನ ಮೇಜಿನ ಮೇಲಿಟ್ಟರು. ಮಗುವನ್ನು ಮಲಗಿಸುವಷ್ಟು ಮೆತ್ತಗೆ ಇಟ್ಟರು, ದೊಡ್ಡಮ್ಮ. ನಿನ್ನನ್ನು ಯಾರಾದರೂ ಅಷ್ಟು ಮೆತ್ತಗೆ ಮುಟ್ಟಿದ್ದರಾ ಜೀವಮಾನದಲ್ಲಿ? ಆಮೇಲೆ ದೊಡ್ಡ ಪ್ರಿಂಟು ತೋರಿಸಿದರು. ಅದರ ಹಿಂದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಸಾಲು: ಮಾವಿನ ತೋಟದ ಕೆಲಸದವರು, ತಾಯಿ ಮತ್ತು ಮೂವರು ಹೆಣ್ಣುಮಕ್ಕಳು.

"ಮೂವರಲ್ಲ ಮೇಡಂ, ಇಬ್ಬರೇ. ಇನ್ನೊಬ್ಬಳು ಹೊರಗಿನವಳು" ಅಂತ ನಿನ್ನ ಕಥೆ ಹೇಳಿದೆ. ಅವರು ನಗಲಿಲ್ಲ. "ನಮ್ಮಮ್ಮನೂ ಹಾಗೇ. ಮೂರು ಜನ ಆದರೆ ಪಕ್ಕದ ಮನೆ ಮಗುವನ್ನಾದರೂ ಎತ್ತಿಕೊಂಡು ಬರುತ್ತಿದ್ದಳು. ಇಲ್ಲಿರೋ ಎಷ್ಟು ಫೋಟೋದಲ್ಲಿ ಹೀಗೆ ಯಾರ್ಯಾರು ಬಂದು ನಿಂತಿದ್ದಾರೋ, ಯಾರು ಹೇಳಬೇಕು?" ಅಂದರು ತೆಲುಗಿನಲ್ಲಿ. ಆಮೇಲೆ ಪೆನ್ನು ತೆಗೆದು ಕೇಳಿದರು: "ಇವರಲ್ಲಿ ನಿಮ್ಮ ತಾಯಿ ಯಾರು?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನಿನ್ನ ಪಕ್ಕದಲ್ಲಿದ್ದ ಹುಡುಗಿಯ ಕಿವಿಯಲ್ಲಿ ಓಲೆ ಹೊಳೆಯುತ್ತಿತ್ತು. ಅದೇ ಓಲೆ ಈಗ ನನ್ನ ಕಿವಿಯಲ್ಲಿದೆ, ನೀನೇ ಹಾಕಿದ್ದು. ನೀನು ಆ ಹುಡುಗಿಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಅಕ್ಕ ತಂಗಿಯನ್ನು ಹಿಡಿದುಕೊಳ್ಳುವ ಹಾಗೆ. ಇನ್ನೊಂದು ತುದಿಯವಳು ತಲೆತುಂಬ ಸೆರಗು ಹೊದ್ದು, ಸ್ವಲ್ಪ ಬಿಟ್ಟು ನಿಂತಿದ್ದಳು. ಹೊರಗಿನವಳು ಹಾಗೇ ತಾನೇ ನಿಲ್ಲುವುದು? ಓಲೆಯವಳನ್ನು ತೋರಿಸಿ, "ಇವರೇ. ರತ್ನಮ್ಮ" ಅಂದೆ. ಮೇಡಂ ಬರೆದುಕೊಂಡರು. "ಸೆರಗು ಹೊದ್ದವರ ಹೆಸರು?" ಗೊತ್ತಿಲ್ಲ ಅಂದೆ. "ಗೊತ್ತಾದರೆ ತಿಳಿಸಿ. ಹೆಸರಿಲ್ಲದ ಮುಖಗಳೇ ಜಾಸ್ತಿ ನಮ್ಮಲ್ಲಿ" ಅಂದರು.

ಊರಿಗೆ ಬಂದ ಮೇಲೆ ಅವರು ಕಳಿಸಿದ ಚಿತ್ರವನ್ನು ಮಾಲೂರಿನ ಸ್ಟುಡಿಯೋಗೆ ತೆಗೆದುಕೊಂಡು ಹೋದೆ. ಗೋಡೆಗೆ ಹಾಕುವ ಫೋಟೋದಲ್ಲಿ ಗುರುತಿಲ್ಲದವಳು ಯಾಕೆ ಅನ್ನಿಸಿತು. ಐವತ್ತು ವರ್ಷ ಆದ ಮೇಲೆ ಸಿಕ್ಕಿರುವ ಅಮ್ಮ, ಮನೆಯವರು ಮಾತ್ರ ಇರಲಿ ಅನ್ನಿಸಿತು. "ಈ ತುದೀಲಿ ಸೆರಗು ಹೊದ್ದಿದಾರಲ್ಲ, ಇವ್ರನ್ನ ತೆಗೆದ್ಬಿಡಿ" ಅಂದೆ.

ಸ್ಟುಡಿಯೋದವನು ತಲೆ ಕೆರೆದುಕೊಂಡ. "ಮೇಡಂ, ಆಗ ಮೂರು ಜನ ಆಗ್ತಾರೆ..."

"ಆಗ್ಲಿ ಬಿಡಪ್ಪ. ಮೂರೂ ಜನ ಹೋಗಿ ಆಗಿದೆ, ಇನ್ನೇನಾಗುತ್ತೆ?" ಅಂತ ರೇಗಿದೆ. ಅವನು ಅವಳನ್ನು ತೆಗೆದ. ಪಿತೃಪಕ್ಷದಲ್ಲಿ ಮೊದಲ ಸಲ ಫೋಟೋ ಇಟ್ಟು ಎಡೆ ಹಾಕಿದೆ. ಓಲೆ ಹಾಕಿದ ಆ ಮುಖದ ಜೊತೆ ನಾನು ಆಡದ ಮಾತಿಲ್ಲ. ಹುಬ್ಬಿನ ಮೇಲೆ ಚಿಕ್ಕದೊಂದು ಗಾಯದ ಗುರುತಿತ್ತು; ಅಮ್ಮನಿಗೆ ಇಲ್ಲಿ ಗಾಯವಾಗಿತ್ತು ಅಂತ ನೀನು ಯಾಕೆ ಒಂದು ದಿನವೂ ಹೇಳಲಿಲ್ಲ ಅಂತ ನಿನ್ನ ಮೇಲೆ ಮುನಿಸಿಕೊಂಡೆ. ಸ್ನಾನ ಮಾಡಿ ಬಂದು ಆ ಗುರುತನ್ನೇ ಬೆರಳಲ್ಲಿ ಸವರುತ್ತಿದ್ದೆ. ನಮ್ಮ ಯಜಮಾನರು, "ಏನೇ, ಗೋಡೆ ಜೊತೆ ಸಂಸಾರ ಮಾಡ್ತಿದೀಯ" ಅಂತ ಗೇಲಿ ಮಾಡಿದರು.

ದಸರಾ ರಜೆಯಲ್ಲಿ ದೆಹಲಿಯ ಮೇಡಂ ಫೋನ್ ಮಾಡಿ ನಾಲ್ಕನೆಯವರ ಹೆಸರು ಸಿಕ್ಕಿತಾ ಅಂತ ಕೇಳಿದರು. ನಾಚಿಕೆಯಾಯಿತು. ಅಷ್ಟು ದೂರದವರಿಗೆ ಇರುವ ಆಸ್ಥೆ ನನಗಿಲ್ಲವಲ್ಲ ಅಂತ, ಕತ್ತರಿಸದ ಪ್ರಿಂಟನ್ನು ಚೀಲದಲ್ಲಿ ಹಾಕಿಕೊಂಡು ಕೋಲಾರ, ಮುಳಬಾಗಿಲು ಅಂತ ಬಸ್ಸು ಬದಲಾಯಿಸಿ ತಾಯಲೂರಿಗೆ ಹೋದೆ. ಬುಟ್ಟಿ ಹೆಣೆಯುವವರ ಮನೆ ಯಾವುದು ಅಂತ ಟೀ ಅಂಗಡಿಯಲ್ಲಿ ಕೇಳಿದರೆ, "ಈಗ್ಯಾರ್ ಹೆಣೀತಾರೆ ಮೇಡಂ, ಎಲ್ಲಾ ಪ್ಲಾಸ್ಟಿಕ್ ಕ್ರೇಟು. ಹಳಬರು ಅಂದ್ರೆ ಪಾಪಮ್ಮ ಒಬ್ಳಿದಾಳೆ" ಅಂದರು. ಪಾಪಮ್ಮನ ಮಗನೇ ಟೆಂಪೋದಲ್ಲಿ ಮಾವಿನ ಕ್ರೇಟು ಸಾಗಿಸುತ್ತಾನಂತೆ. ಅಂಗಳದಲ್ಲಿ ಹಸಿರು ಕ್ರೇಟುಗಳ ಸಾಲು, ಅದರ ನೆರಳಲ್ಲಿ ಕೂತು ಒಬ್ಬ ಮುದುಕಿ ಕಡಲೆಕಾಯಿ ಸುಲಿಯುತ್ತಿದ್ದಳು.

"ಯಾರಮ್ಮ ನೀನು?" ಅಂದಳು. ಹೇಳಿದೆ. ಶ್ರೀನಿವಾಸಪುರದ ತೋಟ, ಜೀಪು, ಟೋಪಿಯವನು ಅನ್ನುವಷ್ಟರಲ್ಲಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಆ ಜೋರು ಹೆಂಗ್ಸು ನಿಮ್ ದೊಡ್ಡಮ್ಮನಾ? ಅಯ್ಯಪ್ಪಾ! ಫೋಟೋಗ್ ಬಾರೇ ಅಂತ ನನ್ ರೆಟ್ಟೆ ಹಿಡಿದು ಎಬ್ಬಿಸಿದ್ಲು." ನಗು ಬಂದುಬಿಟ್ಟಿತು ನನಗೆ. ನೀನೇ ಅನ್ನುವುದಕ್ಕೆ ಇನ್ನು ಯಾವ ಸಾಕ್ಷಿ ಬೇಕು? ಪ್ರಿಂಟು ತೆಗೆದು ಅವಳ ಕೈಗೆ ಕೊಟ್ಟೆ.

"ಪಾಪಮ್ಮನೋರೇ, ಈ ಸೆರಗು ಹೊದ್ದಿರೋದು ನೀವೇ ಅಲ್ವಾ?"

ಅವಳು ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಎದ್ದು ಬಿಸಿಲಿಗೆ ಹಿಡಿದಳು. "ನನ್ ಶಿವನೇ! ನಾನು ಇಷ್ಟು ಲಕ್ಷ್ಣವಾಗಿದ್ನಾ?" ಅಂತ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವಳ ಬೆರಳು ಇದ್ದದ್ದು ಓಲೆಯವಳ ಮೇಲೆ.

"ಅದು ನಮ್ಮಮ್ಮ" ಅಂದೆ.

"ಯಾವ್ದಮ್ಮ? ಇದು ನಾನು."

"ಇಲ್ಲ, ಓಲೆ ನೋಡಿ, ನಮ್ ದೊಡ್ಡಮ್ಮನ ಓಲೆ ಅದು..."

"ನನ್ ಮೂತಿ ನನಗ್ ತಿಳಿಯಲ್ವಾ? ಬಿದಿರ್ ಸೀಳ್ವಾಗ ಸಿಬ್ರು ಹೊಡೆದಿದ್ದು, ಇಲ್ನೋಡು" ಅಂತ ನನ್ನ ಕೈ ಹಿಡಿದು ತನ್ನ ಹುಬ್ಬಿನ ಮೇಲಿಟ್ಟುಕೊಂಡಳು. ಬೆರಳಿಗೆ ಗಾಯದ ಗುರುತು ಸಿಕ್ಕಿತು.

ಅಷ್ಟು ದಿನ ಅಮ್ಮಾ ಅಮ್ಮಾ ಅಂತ ನಾನು ಅತ್ತದ್ದು ಈ ಮುದುಕಿಯ ಮುಂದೆ. ಅದಾದರೂ ಹೋಗಲಿ. ಬೇಡ, ತೆಗೆದುಬಿಡಿ ಅಂತ ಸ್ಟುಡಿಯೋದಲ್ಲಿ ಅರ್ಧ ನಿಮಿಷದಲ್ಲಿ ಹೊರಗೆ ಹಾಕಿಸಿದೆನಲ್ಲ... ಹೆತ್ತವಳನ್ನು, ದೊಡ್ಡಮ್ಮ. ಹುಟ್ಟಿದಾಗಿನಿಂದ ಹುಡುಕಿದ ಮುಖವನ್ನು ಗುರುತಿಲ್ಲದವಳು ಅಂತ ನಾನೇ ಕತ್ತರಿಸಿ ಎಸೆದೆ. ಪಾಪಮ್ಮನ ಅಂಗಳದಲ್ಲಿ ಕ್ರೇಟಿನ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತೆ. ಅವಳು ಬೆನ್ನು ಸವರುತ್ತಾ ಕೂತಳು.

ಆಮೇಲೆ ಅವಳೇ ಹೇಳಿದಳು. ನೀನು ಅವಳನ್ನು ಎಳೆದು ತಂದಾಗ ಮೈತುಂಬ ಬಿದಿರಿನ ಧೂಳಿತ್ತಂತೆ, ಕಿವಿಯಲ್ಲಿ ಓಲೆ ಬದಲು ಕಡ್ಡಿ ಇತ್ತಂತೆ. ಟೋಪಿಯವನು ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮ ಅವಳನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಮುಖ ತೊಳೆಸಿ, ತಲೆ ಬಾಚಿ, ತನ್ನ ಓಲೆ ಬಿಚ್ಚಿ ಅವಳಿಗೆ ಹಾಕಿದಳಂತೆ. ಡಿಲ್ಲಿಗೆ ಹೋಗೋ ಫೋಟೋ, ಕಡ್ಡೀಲಿ ನಿಲ್ಲಬೇಡ ಅಂದಳಂತೆ. ತನ್ನ ಬರಿಗಿವಿ ನಿನ್ನ ಕಣ್ಣಿಗೆ ಬಿದ್ದರೆ ಬೈಯುತ್ತೀಯ ಅಂತ ತಲೆತುಂಬ ಸೆರಗು ಹೊದ್ದು, ನಿನ್ನಿಂದ ದೂರ, ಅಜ್ಜಿಯ ಆಚೆ ಹೋಗಿ ನಿಂತಳಂತೆ. ನೀನು ಕ್ಯಾಮೆರಾ ಗುರಾಯಿಸುವುದರಲ್ಲೇ ಇದ್ದೆ. "ನಿಮ್ ದೊಡ್ಡಮ್ಮ ನನ್ ಭುಜ ಬಿಡ್ಲೇ ಇಲ್ಲ, ಎಲ್ಲಿ ಓಡೋಗ್ತೀನೋ ಅಂತ. ಎರಡ್ ದಿನ ನೋಯ್ತು" ಅಂದಳು ಪಾಪಮ್ಮ. ಫೋಟೋ ಆದ ಕೂಡಲೇ ಓಲೆ ವಾಪಸ್ ಕೊಟ್ಟಳಂತೆ. ನನ್ನ ಕಿವಿ ಮುಟ್ಟಿ ನೋಡಿ, "ಹ್ಞೂಂ, ಇವೇ" ಅಂದಳು.

ಇಷ್ಟು ಹೇಳಿ, ಹೇಳಲೋ ಬೇಡವೋ ಅನ್ನುವ ಹಾಗೆ ನನ್ನ ಮುಖ ನೋಡಿದಳು. "ನಿಂಗೆ ಅಕ್ಕ ತಂಗಿ, ಅಣ್ಣ ತಮ್ಮ ಯಾರಾದ್ರೂ ಇದಾರಾ?" ಅಂದಳು. ಇಲ್ಲ, ನಾನೊಬ್ಬಳೇ ಅಂದೆ.

"ಹಂಗಾದ್ರೆ ನೀನೇ" ಅಂದಳು. "ಬಾವಿ ಹತ್ರ ನಾನು ಹಟ ಮಾಡ್ದೆ. ಮನೆಯೋರ ಮಧ್ಯೆ ನಾನ್ಯಾಕಕ್ಕಾ ಬರ್ಲಿ, ನಾಚ್ಕೆ ಆಗುತ್ತೆ ಅಂದೆ. ನಿಮ್ಮಮ್ಮ ಸುತ್ತ ನೋಡಿ ನನ್ ಕಿವೀಲಿ ಅಂದ್ಲು, ನೀನ್ ಬಂದ್ರೆ ಐದಾಗ್ತೀವಿ ಕಣೇ, ನಾವ್ ಆಗ್ಲೇ ನಾಲ್ಕು ಜನ ಇದೀವಿ ಅಂತ. ನಂಗರ್ಥ ಆಗ್ಲಿಲ್ಲ. ನನ್ ಕೈ ತಗೊಂಡು ಅವಳ ಹೊಟ್ಟೆ ಮೇಲಿಟ್ಕೊಂಡ್ಲು. ಇನ್ನೂ ಏನೂ ಕಾಣ್ತಿರ್ಲಿಲ್ಲ. ಮಾ ಅಕ್ಕಕು ಚೆಪ್ಪೊದ್ದು ಅಂದ್ಲು. ನಮ್ಮಕ್ಕಂಗೆ ಹೇಳ್ಬೇಡ, ಅವಳ್ಗೆ ಇನ್ನೂ ಮಕ್ಳಾಗಿಲ್ಲ, ನೊಂದ್ಕೊತಾಳೆ, ಸಮಯ ನೋಡಿ ನಾನೇ ಹೇಳ್ತೀನಿ ಅಂತ."

ನಾನು ಹುಟ್ಟಿದ್ದು ಸಂಕ್ರಾಂತಿಯ ಮಾರನೆ ವಾರ ಅಂತ ನೀನೇ ಹೇಳುತ್ತಿದ್ದೆಯಲ್ಲ. ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಸರಿಹೋಗುತ್ತದೆ.

ಈಗ ಸ್ಟುಡಿಯೋದವನ ಹತ್ತಿರ ಪೂರ್ತಿ ಫೋಟೋಗೆ ಬೇರೆ ಕಟ್ಟು ಹಾಕಿಸಿದ್ದೇನೆ. ಅಮ್ಮನ ಮುಖ ಅರ್ಧ ಸೆರಗಿನ ನೆರಳಲ್ಲಿದೆ. ಒಂದು ಕೆನ್ನೆ, ಒಂದು ಕಣ್ಣು, ತಡೆಹಿಡಿದ ನಗು. ನನಗೆ ಸಿಕ್ಕಿದ್ದು ಅಷ್ಟೇ. ಇನ್ನರ್ಧ ಇನ್ನು ಯಾವ ಪತ್ರಾಗಾರದಲ್ಲೂ ಸಿಗುವುದಿಲ್ಲ ಅಂತ ಗೊತ್ತು, ಆದರೂ ದಿನಾ ಹುಡುಕುತ್ತೇನೆ. ದೆಹಲಿಯ ಮೇಡಂಗೆ ಫೋನ್ ಮಾಡಿ ರತ್ನಮ್ಮನ ಹೆಸರಿರುವ ಕಡೆ ಪಾಪಮ್ಮ ಅಂತಲೂ, ಸೆರಗು ಹೊದ್ದವರು ರತ್ನಮ್ಮ ಅಂತಲೂ ತಿದ್ದಿಸಿದೆ. "ಹಾಗಾದರೆ ನಾಲ್ವರ ಹೆಸರೂ ಆಯಿತು" ಅಂದರು. ಹೌದು ಅಂದೆ. ಉಳಿದದ್ದನ್ನು ಮೊದಲು ನಿನಗೆ ಹೇಳಬೇಕಿತ್ತು, ಅದಕ್ಕೆ ಅವರಿಗೆ ಹೇಳಲಿಲ್ಲ.

ದೊಡ್ಡಮ್ಮ, ನೀನು ಯಾರನ್ನೂ ಕೊಲ್ಲಲಿಲ್ಲ. ಅಮ್ಮ ಜ್ವರ ಬಂದು ಹೋದಳು. ಹೊರಗಿನವಳನ್ನು ಬಿಟ್ಟು ಲೆಕ್ಕ ಹಾಕಿದರೂ ಅವತ್ತು ನೀವು ಮೂರು ಜನ ಇರಲೇ ಇಲ್ಲ. ಅಲ್ಲಿ ಅಮ್ಮ ಸಿಕ್ಕಿದರೆ ತಲೆ ತಗ್ಗಿಸಬೇಡ. ಅವಳು ನಿನಗೆ ಹೇಳಬೇಕು ಅಂದುಕೊಂಡು ಧೈರ್ಯ ಬಾರದೆ ಮುಂದೆ ಹಾಕಿದ ಮಾತನ್ನು ನಾನು ಹೇಳುತ್ತಿದ್ದೇನೆ: ಆ ಫೋಟೋದಲ್ಲಿ ನಿನ್ನ ಮಗಳೂ ಇದ್ದಾಳೆ.